ಎಳೆ ಕೂಡಿಸುವ ಕೈಗೆ ಬಿಸಿ ತಾಗಿದಾಗ

ಬೆಂಗಳೂರಿನಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರವನ್ನು ದಾಟಿ ಬಾಗೇಪಲ್ಲಿಯ ಕಡೆಗೆ ಹೊರಟರೆ ನಡುದಾರಿಯಲ್ಲಿ ಸಿಕ್ಕುವ ಊರು ಪೆರೇಸಂದ್ರ. ಗುಡಿಬಂಡೆಗೆ ಹೋಗಬೇಕಾದವರು ಇಲ್ಲಿ ಹೆದ್ದಾರಿಯನ್ನು ಬಿಟ್ಟು ಕವಲುದಾರಿ ಹಿಡಿಯುತ್ತಾರೆ. ಸುತ್ತಲೂ ಬಂಡೆಗುಡ್ಡಗಳು, ಅವುಗಳ ನಡುವೆ ಹಿಪ್ಪುನೇರಳೆಯ ಹಸುರು, ದ್ರಾಕ್ಷಿಯ ಚಪ್ಪರ, ರಾಗಿಯ ಹೊಲ. ಕನ್ನಡವೂ ತೆಲುಗೂ ಅಕ್ಕತಂಗಿಯರಂತೆ ಕೂಡಿ ಬಾಳುವ ಸೀಮೆಯಿದು. ಬೇಸಗೆಯಲ್ಲಿ ಆ ಬಂಡೆಗಳು ಕಾದು ಹಂಚಿನಂತಾದಾಗ, ರೇಷ್ಮೆ ಸಾಕುವ ಮನೆಗಳಲ್ಲಿ ನೆನೆಸಿದ ಗೋಣಿತಾಟನ್ನು ಕಿಟಕಿಗೆ ಇಳಿಬಿಟ್ಟು ಹುಳುವಿಗೆ ತಂಪು ಮಾಡುತ್ತಾರೆ. ನಾಲ್ಕೈದು ಡಿಗ್ರಿ ಕಾವು ಏರಿದರೆ ಹುಳು ಸೊರಗುತ್ತದೆ, ಬೆಳೆ ಕೈಬಿಡುತ್ತದೆ ಎಂಬುದು ಇಲ್ಲಿನ ಹೆಣ್ಣುಮಕ್ಕಳಿಗೆ ಯಾರೂ ಪಾಠ ಹೇಳಿ ಕಲಿಸಬೇಕಾದ ವಿಷಯವಲ್ಲ.

ಇದೇ ಹೆದ್ದಾರಿಯ ಬೆಳಗಿನ ಬಸ್ಸುಗಳಲ್ಲಿ, ಸಂತೆಗೂ ಕಚೇರಿಗೂ ಹೊರಟವರ ನಡುವೆ, ಆಸ್ಪತ್ರೆಯ ಕಡತವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತವರೂ ಇರುತ್ತಾರೆ. ಅವರು ಬೆಂಗಳೂರಿನಲ್ಲಿ ‘ಕರೆಂಟು ಕೊಡಿಸಿಕೊಳ್ಳಲು’ ಹೊರಟವರು. ಅರ್ಬುದ ರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ವಿಕಿರಣದಿಂದ ಮಾಡುವ ಚಿಕಿತ್ಸೆಗೆ ಜನರು ಇಟ್ಟುಕೊಂಡಿರುವ ಹೆಸರು ಇದು. ಅಂಥ ರೋಗಿ ಮನೆಗೆ ಮರಳಿದಾಗ ಹಿರಿಯರು ಹೇಳುವ ಮಾತೂ ಒಂದೇ: “ಕರೆಂಟು ಬಲು ಉಷ್ಣವಂತೆ ಕಣಮ್ಮ. ಬಿಸಿಲಿಗೆ ಹೋಗಬೇಡ, ಒಲೆಯ ಮುಂದೆ ಕೂರಬೇಡ, ಮಜ್ಜಿಗೆ ಕುಡಿ.”

ಈ ಮಾತಿನಲ್ಲಿ ಪ್ರೀತಿಯಿದೆ. ಜೊತೆಗೆ ಒಂದು ಪ್ರಶ್ನೆಯೂ ಅಡಗಿದೆ. ವಿಕಿರಣಕ್ಕೂ ಕಾವಿಗೂ ನಿಜವಾಗಿ ಏನು ಸಂಬಂಧ? ವಿಕಿರಣವೇ ಒಂದು ಬಗೆಯ ಉಷ್ಣವೆ? ಅದರ ಮೇಲೆ ಇನ್ನಷ್ಟು ಕಾವು ಕೂಡಿದರೆ ರೋಗಿಗೆ ಕೇಡೋ, ಒಳಿತೋ? ವಿಜ್ಞಾನಿಗಳು ಹಲವು ದಶಕಗಳಿಂದ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಅವರಿಗೆ ದೊರೆತಿರುವ ಉತ್ತರವಾದರೋ ಹಿರಿಯರ ಊಹೆಗಿಂತ ಬೇರೆಯದೇ ಆಗಿದೆ.

ಒಂದು ಗುಟುಕು ಕಾಫಿಯ ಕಾವು

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕಾಗಿದೆ. ವಿಕಿರಣವು ದೇಹವನ್ನು ಬಿಸಿಮಾಡಿ ಕೆಲಸ ನಡೆಸುವುದಿಲ್ಲ. ಅದನ್ನು ಅಳೆಯುವ ಮಾನಕ್ಕೆ ‘ಗ್ರೇ’ ಎಂದು ಹೆಸರು. ಒಂದು ಕಿಲೋಗ್ರಾಂ ಅಂಗಾಂಶವು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ರೋಗಿಗೆ ಸಾಮಾನ್ಯವಾಗಿ ಒಂದು ದಿನಕ್ಕೆ ಕೊಡುವುದು ಎರಡು ಗ್ರೇ. ಇದರಿಂದ ಆ ಅಂಗಾಂಶದ ಕಾವು ಏರುವುದು ಒಂದು ಡಿಗ್ರಿಯ ಎರಡು ಸಾವಿರದ ಒಂದು ಪಾಲಿನಷ್ಟು ಮಾತ್ರ. ಮೈಗೆಲ್ಲ ಒಮ್ಮೆಲೇ ತಾಗಿದರೆ ಮನುಷ್ಯನ ಪ್ರಾಣಕ್ಕೇ ಸಂಚಕಾರ ತರಬಲ್ಲ ನಾಲ್ಕು ಗ್ರೇ ವಿಕಿರಣದಲ್ಲಿ ಇರುವ ಒಟ್ಟು ಶಕ್ತಿಯಾದರೂ ಎಷ್ಟು? ಒಂದು ಗುಟುಕು ಬಿಸಿ ಕಾಫಿಯಲ್ಲಿರುವ ಕಾವಿನಷ್ಟು!

ಹಾಗಾದರೆ ಕಾಫಿ ಕೊಲ್ಲದಿರುವಲ್ಲಿ ಕಿರಣವು ಕೊಲ್ಲುವುದು ಹೇಗೆ? ಕಾಫಿಯ ಕಾವು ಮೈಯ ಕೋಟ್ಯಂತರ ಅಣುಗಳಿಗೆ ಹಂಚಿಹೋಗಿ ಒಂದೊಂದನ್ನೂ ಮೆಲ್ಲನೆ ಅಲುಗಿಸುತ್ತದೆ, ಅಷ್ಟೆ. ಕಿರಣವಾದರೋ ತನ್ನ ಅಲ್ಪ ಶಕ್ತಿಯನ್ನೆಲ್ಲ ಸೂಜಿಮೊನೆಯಂತೆ ಒಂದೊಂದು ಬಿಂದುವಿನಲ್ಲಿ ಸುರಿಯುತ್ತದೆ. ಆ ಮೊನೆಯು ಜೀವಕೋಶದ ನಡುವಿನಲ್ಲಿರುವ ಒಂದು ಎಳೆಗೆ ತಾಗಿದಾಗಲೇ ಅನಾಹುತ. ಆ ಎಳೆಯೇ ಡಿ.ಎನ್.ಎ. ವಿಕಿರಣವು ಸುಡುವ ಬೆಂಕಿಯಲ್ಲ, ಕತ್ತರಿಸುವ ಕತ್ತರಿ.

ಶಿಡ್ಲಘಟ್ಟದ ಎಳೆಯೂ ಜೀವಕೋಶದ ಎಳೆಯೂ

ಪೆರೇಸಂದ್ರದ ಸುತ್ತಿನ ರೈತರು ಬೆಳೆದ ರೇಷ್ಮೆಗೂಡು ಶಿಡ್ಲಘಟ್ಟದ ಹೆಸರಾಂತ ಮಾರುಕಟ್ಟೆಯನ್ನು ಸೇರುವುದುಂಟು. ಅಲ್ಲಿನ ನೂಲು ಬಿಚ್ಚುವ ಮನೆಗಳನ್ನು ಕಂಡವರಿಗೆ ಮುಂದಿನ ಮಾತು ಸುಲಭವಾಗಿ ತಿಳಿದೀತು. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಕಣ್ಣಿಗೆ ಕಂಡೂ ಕಾಣದ ಎಳೆಗಳನ್ನು ಹೆಕ್ಕಿ, ಹಲವನ್ನು ಒಂದುಗೂಡಿಸಿ ರಾಟೆಗೆ ಹಾಯಿಸುತ್ತಾರೆ. ಎಳೆ ಕಡಿಯದ ದಿನವೆಂಬುದೇ ಇಲ್ಲ. ಕಡಿದೊಡನೆ ಕೆಲಸಗಾತಿಯ ಬೆರಳು ಆ ತುದಿಯನ್ನು ಹುಡುಕಿ ಹಿಡಿದು ಕೂಡಿಸಿಬಿಡುತ್ತದೆ, ರಾಟೆ ಮುಂದುವರಿಯುತ್ತದೆ. ನೂಲಿನ ಮನೆ ನಡೆದುಬರುತ್ತಿರುವುದು ಎಳೆ ಕಡಿಯದೆ ಇರುವುದರಿಂದಲ್ಲ, ಕಡಿದುದನ್ನು ಕೂಡಿಸುವ ಕೈ ಇರುವುದರಿಂದ.

ಜೀವಕೋಶದ ಕಥೆಯೂ ಹೀಗೆಯೇ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ಇಬ್ಬರು ತರುಣರು ಡಿ.ಎನ್.ಎ.ಯ ರೂಪವನ್ನು ಲೋಕಕ್ಕೆ ತಿಳಿಸಿದರು. ಅದು ಎರಡು ಎಳೆಗಳು ಒಂದರೊಡನೊಂದು ಹೆಣೆದುಕೊಂಡ ಹುರಿ. ಮನುಷ್ಯನ ಒಂದೇ ಒಂದು ಜೀವಕೋಶದಲ್ಲಿರುವ ಈ ಹುರಿಯನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು ಎರಡು ಮೀಟರು ಉದ್ದವಾದೀತು. ತಾಯಿತಂದೆಯರಿಂದ ಮಗುವಿಗೆ ಬರುವ ಗುಣಗಳೂ, ಆ ಕೋಶ ದಿನನಿತ್ಯ ಮಾಡಬೇಕಾದ ಕೆಲಸದ ಸೂಚನೆಗಳೂ ಇದರಲ್ಲಿಯೇ ಬರೆದಿವೆ.

ಒಂದು ಗ್ರೇ ವಿಕಿರಣವು ಹಾದುಹೋದಾಗ ಒಂದೊಂದು ಕೋಶದಲ್ಲಿಯೂ ಈ ಹುರಿಯ ಒಂದೆಳೆ ಮಾತ್ರ ಕಡಿಯುವ ಗಾಯಗಳು ಸುಮಾರು ಸಾವಿರದಷ್ಟು ಆಗುತ್ತವೆ. ಇವು ಅಷ್ಟೇನೂ ಭಯಂಕರವಲ್ಲ. ಎದುರಿನ ಎಳೆ ಗಟ್ಟಿಯಾಗಿರುವುದರಿಂದ ಅದನ್ನೇ ಮಾದರಿಯಾಗಿಟ್ಟುಕೊಂಡು ಕೋಶವು ಬೇಗನೆ ತೇಪೆ ಹಾಕಿಕೊಳ್ಳುತ್ತದೆ. ಎರಡು ಎಳೆಗಳೂ ಒಂದೇ ಕಡೆ ಕಡಿದು ಹುರಿಯೇ ತುಂಡಾಗುವ ಗಾಯಗಳು 20ರಿಂದ 40ರವರೆಗೆ ಇರಬಹುದು. ಕೋಶದ ಅಳಿವು ಉಳಿವುಗಳು ನಿಂತಿರುವುದು ಇವುಗಳ ಮೇಲೆ. ಕೂಡಿಸಲಾಗದೆ ಉಳಿದ ಅಥವಾ ತಪ್ಪಾಗಿ ಕೂಡಿದ ಒಂದೆರಡು ತುಂಡುಗಳು ಸಾಕು, ಕೋಶವು ಮುಂದೆ ಎರಡಾಗಿ ಒಡೆಯುವಾಗ ಸತ್ತುಹೋಗಲು.

ಕಡಿದ ಹುರಿಯನ್ನು ಕೂಡಿಸಲು ಕೋಶದಲ್ಲಿ ಎರಡು ಮುಖ್ಯ ವಿಧಾನಗಳಿವೆ. ಮೊದಲನೆಯದು ಅವಸರದ ಕೆಲಸ: ಕಡಿದ ಎರಡು ತುದಿಗಳನ್ನು ಹಿಡಿದು ಇದ್ದಂತೆಯೇ ಗಂಟುಹಾಕುವುದು. ಗಂಟಿನಲ್ಲಿ ಒಂದೆರಡು ಅಕ್ಷರ ನಷ್ಟವಾದರೂ ಎಳೆ ನಿಲ್ಲುತ್ತದೆ. ಎರಡನೆಯದು ಅಚ್ಚುಕಟ್ಟಿನ ಕೆಲಸ: ಕೋಶವು ಒಡೆಯುವುದಕ್ಕೆ ಮುನ್ನ ತನ್ನ ಹುರಿಯ ಇನ್ನೊಂದು ಪ್ರತಿಯನ್ನು ಸಿದ್ಧಮಾಡಿಕೊಂಡಿರುತ್ತದೆಯಷ್ಟೆ, ಆ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಕಳೆದುಹೋದುದನ್ನು ಅಕ್ಷರ ಬಿಡದೆ ನಕಲು ಮಾಡಿ ತುಂಬುವುದು. ಈ ಎರಡನೆಯ ಕೆಲಸದಲ್ಲಿ ಮುಖ್ಯ ಪಾತ್ರಧಾರಿಯಾದ ಒಂದು ಪ್ರೋಟೀನಿಗೆ ಬಿ.ಆರ್.ಸಿ.ಎ.-2 ಎಂದು ಹೆಸರು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಕಥೆಯ ತಿರುವು ಇದರಲ್ಲಿಯೇ ಇದೆ.

ಕೋಶವು ತನ್ನ ಎಳೆಯನ್ನು ತಾನೇ ರಿಪೇರಿ ಮಾಡಿಕೊಳ್ಳುವ ಬಗೆಗಳನ್ನು ಬಿಡಿಸಿ ತೋರಿಸಿದುದಕ್ಕಾಗಿ ಲಿಂಡಾಲ್, ಮಾಡ್ರಿಚ್, ಸಂಜಾರ್ ಎಂಬ ಮೂವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ದಿನಕ್ಕೆ ಇಷ್ಟೇ ಏಕೆ?

“ಒಂದೇ ದಿನ ಎಲ್ಲವನ್ನೂ ಕೊಟ್ಟು ಮುಗಿಸಬಾರದೆ? ದಿನದಿನವೂ ಬೆಂಗಳೂರಿಗೆ ಏಕೆ ಅಲೆಸುತ್ತಾರೆ?” ಎಂದು ರೋಗಿಯ ಮನೆಯವರು ಕೇಳುವುದುಂಟು. ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುವ ಈ ಅಲೆದಾಟಕ್ಕೆ ಕಾರಣವೂ ಎಳೆ ಕೂಡಿಸುವ ಕೈಯೇ. ಕಿರಣವು ರೋಗದ ಗಡ್ಡೆಗೂ ತಾಗುತ್ತದೆ. ಅದರ ಅಕ್ಕಪಕ್ಕದ ಒಳ್ಳೆಯ ಅಂಗಾಂಶಕ್ಕೂ ಸ್ವಲ್ಪಮಟ್ಟಿಗೆ ತಾಗಿಯೇ ತಾಗುತ್ತದೆ. ಒಳ್ಳೆಯ ಕೋಶಗಳ ರಿಪೇರಿ ವ್ಯವಸ್ಥೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಇವತ್ತಿನ ಗಾಯವನ್ನು ಅವು ನಾಳೆಯೊಳಗೆ ಬಹುಮಟ್ಟಿಗೆ ಮಾಯಿಸಿಕೊಳ್ಳುತ್ತವೆ. ಅರ್ಬುದದ ಕೋಶಗಳಲ್ಲಿ ಎಷ್ಟೋ ಕಡೆ ಆ ವ್ಯವಸ್ಥೆ ಕೆಟ್ಟಿರುವುದರಿಂದ ಗಾಯದ ಮೇಲೆ ಗಾಯವು ಕೂಡುತ್ತ ಹೋಗುತ್ತದೆ. ಎರಡು ಸರದಿಗಳ ನಡುವಿನ ಬಿಡುವು ಒಳ್ಳೆಯ ಕೋಶಕ್ಕೆ ಕೊಟ್ಟ ರಜೆ ಎನ್ನಬಹುದು.

ಆದರೆ ಎಲ್ಲ ಗಡ್ಡೆಗಳೂ ಇಷ್ಟು ಸುಲಭವಾಗಿ ಸೋಲುವುದಿಲ್ಲ. ಕೆಲವು ಗಡ್ಡೆಗಳಲ್ಲಿ ರಿಪೇರಿಯ ಕೈ ಬಲವಾಗಿಯೇ ಇರುತ್ತದೆ. ಇನ್ನು ಕೆಲವು ರಕ್ತನಾಳಗಳು ಸರಿಯಾಗಿ ಹಬ್ಬುವುದಕ್ಕಿಂತ ವೇಗವಾಗಿ ಬೆಳೆದು, ಅವುಗಳ ಒಡಲಿನಲ್ಲಿ ಆಮ್ಲಜನಕಕ್ಕೆ ಬರ ಬಂದಿರುತ್ತದೆ. ಆಮ್ಲಜನಕವಿಲ್ಲದ ಕಡೆ ಕಿರಣದ ಪೆಟ್ಟು ಎರಡೂವರೆಯಿಂದ ಮೂರು ಪಟ್ಟು ಮೊಂಡಾಗುತ್ತದೆ. ಹುರಿಯ ಪ್ರತಿ ಬರೆಯುತ್ತಿರುವ ಹೊತ್ತಿನಲ್ಲಿರುವ ಕೋಶಗಳೂ ಕಿರಣಕ್ಕೆ ಸುಲಭವಾಗಿ ಬಗ್ಗವು. ಇಂಥ ಹಟಮಾರಿ ಕೋಶಗಳನ್ನು ಬಗ್ಗಿಸುವುದು ಹೇಗೆ?

ಕಾವಿನ ಕೈವಾಡ

ಜ್ವರಕ್ಕೂ ಗಡ್ಡೆಗೂ ಏನೋ ನಂಟಿದೆಯೆಂಬ ಗುಮಾನಿ ಹಳೆಯದು. 1866ರಲ್ಲಿ ಜರ್ಮನಿಯ ಬುಶ್ ಎಂಬ ವೈದ್ಯರು, ಮುಖದ ಮೇಲೆ ಗಡ್ಡೆಯಿದ್ದ ರೋಗಿಯೊಬ್ಬರಿಗೆ ತೀವ್ರ ಜ್ವರ ತರುವ ವಿಸರ್ಪವೆಂಬ ಚರ್ಮದ ಸೋಂಕು ತಗುಲಿದ ಮೇಲೆ ಆ ಗಡ್ಡೆ ಕರಗಿಹೋದುದನ್ನು ವರದಿ ಮಾಡಿದರು. ಅಲ್ಲಿ ಗಡ್ಡೆಯನ್ನು ಕರಗಿಸಿದುದು ಕಾವೊಂದೇ ಅಲ್ಲ, ದೇಹದ ರೋಗನಿರೋಧಕ ಬಲವೂ ಅದರಲ್ಲಿ ಕೂಡಿತ್ತೆಂದು ಈಚಿನವರು ಎಣಿಸುತ್ತಾರೆ. ಅಂತೂ ಕಾವನ್ನೇ ಅಳತೆಮಾಡಿ ಕೊಟ್ಟು ನೋಡುವ ಪ್ರಯೋಗಗಳು ಆ ಮೇಲೆ ಬೆಳೆದವು.

ಆರೋಗ್ಯವಂತನ ಮೈಯ ಒಳಗಾವು 37 ಡಿಗ್ರಿ ಸೆಂಟಿಗ್ರೇಡು. ಮನೆಯ ಜ್ವರದ ಕಡ್ಡಿಯಲ್ಲಿ ಹೇಳುವುದಾದರೆ 98.6. ಪ್ರಯೋಗಶಾಲೆಯಲ್ಲಿ ಕೋಶಗಳನ್ನು 41ರಿಂದ 43 ಡಿಗ್ರಿಯವರೆಗೆ, ಎಂದರೆ ಜ್ವರದ ಕಡ್ಡಿಯ 106ರಿಂದ 109ರವರೆಗೆ ಬಿಸಿಮಾಡಿ, ಅದೇ ಹೊತ್ತಿಗೆ ವಿಕಿರಣವನ್ನೂ ಕೊಟ್ಟರೆ, ವಿಕಿರಣವೊಂದನ್ನೇ ಕೊಟ್ಟಾಗ ಸಾಯುವುದಕ್ಕಿಂತ ಬಹಳ ಹೆಚ್ಚು ಕೋಶಗಳು ಸಾಯುತ್ತವೆ. ವಿಸ್ಮಯದ ಸಂಗತಿಯೆಂದರೆ ಇಷ್ಟು ಕಾವಿನಿಂದ ಎಳೆ ಹೆಚ್ಚಾಗಿ ಕಡಿಯುವುದಿಲ್ಲ. ಕಡಿದ ಎಳೆ ಕೂಡುವುದು ತಡವಾಗುತ್ತದೆ. ಎಳೆಯಲ್ಲ, ಎಳೆ ಕೂಡಿಸುವ ಕೈ ಸುಡುತ್ತದೆ!

ಇದಕ್ಕೆ ಕಾರಣ ಪ್ರೋಟೀನುಗಳ ಸ್ವಭಾವದಲ್ಲಿದೆ. ಪ್ರೋಟೀನೆಂದರೆ ನಿಯಮಿತ ರೀತಿಯಲ್ಲಿ ಮಡಿಸಿಟ್ಟ ಒಂದು ಸರಪಳಿ. ಮಡಿಕೆ ಸರಿಯಿದ್ದರೆ ಕೆಲಸ ನಡೆಯುತ್ತದೆ. ಮಡಿಕೆ ಬಿಚ್ಚಿದರೆ ಕೆಟ್ಟುಹೋಗುತ್ತದೆ. ಬೇಯಿಸಿದ ಕೋಳಿಮೊಟ್ಟೆಯ ಬಿಳಿ ಗಟ್ಟಿಯಾಗುವುದು ಇದರ ಕೊನೆಯ ಅವಸ್ಥೆ. ನಾಲ್ಕೈದು ಡಿಗ್ರಿ ಕಾವು ಏರಿದಾಗ ಕೋಶದೊಳಗಿನ ಕೆಲವು ಸೂಕ್ಷ್ಮ ಪ್ರೋಟೀನುಗಳ ಮಡಿಕೆ ಸಡಿಲುತ್ತದೆ. ಅವು ಒಂದಕ್ಕೊಂದು ಅಂಟಿ ಮುದ್ದೆಯಾಗಿ ಡಿ.ಎನ್.ಎ.ಯ ಸುತ್ತಲೂ ಕವಿಯುತ್ತವೆ. ಗಾಯದ ಬಳಿಗೆ ರಿಪೇರಿಯವರು ಹೋಗಲು ದಾರಿಯಿಲ್ಲದಂತಾಗುತ್ತದೆ. ತೇಪೆ ಹಾಕುವ ಕೆಲವು ಪ್ರೋಟೀನುಗಳೇ ನಿಷ್ಕ್ರಿಯವಾಗುತ್ತವೆ.

2011ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ಇನ್ನೂ ಖಚಿತವಾದ ಒಂದು ಸಂಗತಿಯನ್ನು ಪ್ರಕಟಿಸಿದರು. 41ರಿಂದ 42.5 ಡಿಗ್ರಿಯ ಹದವಾದ ಕಾವು ತಾಗಿದ ಕೋಶಗಳಲ್ಲಿ ಮೇಲೆ ಹೇಳಿದ ಬಿ.ಆರ್.ಸಿ.ಎ.-2 ಪ್ರೋಟೀನನ್ನು ಆ ಕೋಶವೇ ಒಡೆದು ವಿಲೇವಾರಿ ಮಾಡಿಬಿಡುತ್ತದೆ. ಅದು ಹೋದೊಡನೆ ಅಚ್ಚುಕಟ್ಟಿನ ರಿಪೇರಿ ಕೆಲವು ಗಂಟೆಗಳ ಕಾಲ ನಿಂತುಹೋಗುತ್ತದೆ. ಹುಟ್ಟಿನಿಂದಲೇ ಈ ಪ್ರೋಟೀನಿನಲ್ಲಿ ದೋಷವಿರುವ ಮನೆತನಗಳ ಹೆಂಗಸರಿಗೆ ಸ್ತನದ ಹಾಗೂ ಅಂಡಾಶಯದ ಕ್ಯಾನ್ಸರು ಬರುವ ಅಪಾಯ ಹೆಚ್ಚೆಂಬುದು 1990ರ ದಶಕದಿಂದಲೇ ತಿಳಿದಿತ್ತು. ಯಾವುದು ಇಲ್ಲದಿದ್ದರೆ ರೋಗ ಬರಬಹುದೋ, ಅದನ್ನೇ ರೋಗದ ಗಡ್ಡೆಯೊಳಗೆ ಕೆಲವು ಗಂಟೆ ಇಲ್ಲವಾಗಿಸಿದರೆ ಚಿಕಿತ್ಸೆಗೆ ನೆರವಾಗುತ್ತದೆ!

ಇನ್ನೂ ಒಂದು ಅನುಕೂಲವಿದೆ. ಆಮ್ಲಜನಕದ ಬರದಲ್ಲಿ ಬೆಳೆದ ಕೋಶಗಳೂ, ಹುರಿಯ ಪ್ರತಿ ಬರೆಯುತ್ತಿರುವ ಕೋಶಗಳೂ ಕಿರಣಕ್ಕೆ ಬಗ್ಗವೆಂದು ಹೇಳಿತಷ್ಟೆ. ಕಾವಿನ ಮುಂದೆ ಇವೇ ಬಲಹೀನ. ಕಿರಣವು ಬಿಟ್ಟುದನ್ನು ಕಾವು ಹಿಡಿಯುತ್ತದೆ.

ಹಣ್ಣುನೊಣ ಕಲಿಸಿದ ಪಾಠ

ಹೀಗಿರುವಲ್ಲಿ ಕಿರಣದೊಡನೆ ದಿನವೂ ಕಾವನ್ನು ಕೊಟ್ಟರೆ ಇನ್ನೂ ಒಳ್ಳೆಯದಲ್ಲವೆ? ಇಲ್ಲಿಯೇ ಒಂದು ತೊಡಕು.

1960ರ ದಶಕದ ಆರಂಭದಲ್ಲಿ ಇಟಲಿಯ ರಿಟೋಸಾ ಎಂಬ ವಿಜ್ಞಾನಿ ಹಣ್ಣುನೊಣದ ಮರಿಹುಳುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಅವರ ಕೋಶಗಳನ್ನಿಟ್ಟಿದ್ದ ಪೆಟ್ಟಿಗೆಯ ಕಾವನ್ನು ಪ್ರಯೋಗಶಾಲೆಯಲ್ಲಿ ಮತ್ತಾರೋ ಏರಿಸಿಬಿಟ್ಟಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಕೋಶಗಳ ವರ್ಣತಂತುಗಳು ಹಿಂದೆಂದೂ ಕಾಣದ ಜಾಗಗಳಲ್ಲಿ ಉಬ್ಬಿಕೊಂಡಿದ್ದವು. ಕೆಟ್ಟ ಪ್ರಯೋಗವೆಂದು ಅದನ್ನು ಚೆಲ್ಲದೆ ಅವರು ಕಾರಣವನ್ನು ಹುಡುಕಿದರು, 1962ರಲ್ಲಿ ಪ್ರಕಟಿಸಿದರು. ಕಾವು ತಾಗಿದ ಕೋಶವು ತನ್ನ ರಕ್ಷಣೆಗೆ ವಿಶೇಷ ಪ್ರೋಟೀನುಗಳನ್ನು ಅವಸರವಾಗಿ ತಯಾರಿಸಿಕೊಳ್ಳುತ್ತದೆಂಬುದು ಮುಂದೆ ಸ್ಪಷ್ಟವಾಯಿತು. ಮಡಿಕೆ ಬಿಚ್ಚಿದ ಪ್ರೋಟೀನುಗಳನ್ನು ಮತ್ತೆ ಮಡಿಸಿಡುವುದು ಇವುಗಳ ಕಸುಬು.

ಅರ್ಬುದದ ಕೋಶವೂ ಇದನ್ನೇ ಮಾಡುತ್ತದೆ. ಒಮ್ಮೆ ಕಾವು ತಾಗಿ ಬದುಕಿ ಉಳಿದರೆ ಎರಡು ಮೂರು ದಿನಗಳವರೆಗೆ ಅದು ಕಾವಿಗೆ ಬೆದರುವುದಿಲ್ಲ. ಒಲೆಯ ಮುಂದೆ ಪಳಗಿದ ಅಡಿಗೆಯವರು ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುವಂತೆ! ಆದಕಾರಣ ಕಾವಿನ ಚಿಕಿತ್ಸೆಯನ್ನು ದಿನವೂ ಕೊಡುವುದಿಲ್ಲ. ವಾರಕ್ಕೆ ಒಂದು ಅಥವಾ ಎರಡು ಸಲ ಮಾತ್ರ, ಕಿರಣಕ್ಕೆ ಸಮೀಪದ ಹೊತ್ತಿನಲ್ಲಿ, ಸುಮಾರು ಒಂದು ಗಂಟೆಯ ಕಾಲ ಕೊಡುವುದು ವಾಡಿಕೆ. ಕಿರಣಕ್ಕೂ ಕಾವಿಗೂ ನಡುವೆ ಹೊತ್ತು ಹೆಚ್ಚಾದಂತೆ ಫಲವೂ ಕುಗ್ಗುತ್ತದೆ. ಆ ಬಿಡುವಿನಲ್ಲಿ ರಿಪೇರಿಯ ಕೆಲಸ ಮುಗಿದುಹೋಗುವುದೇ ಇದಕ್ಕೆ ಕಾರಣ.

ಮಣಿಪಾಲದ ಇಲಿಗಳೂ ಹಿರೇಮದ್ದೂ

ಈ ಸಂಶೋಧನೆ ಪರದೇಶಗಳಲ್ಲಿ ಮಾತ್ರ ನಡೆಯಿತೆಂದು ವಾಚಕರು ಭಾವಿಸಬೇಕಾಗಿಲ್ಲ. ಕರ್ನಾಟಕದಲ್ಲಿಯೇ, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿಕಿರಣ ಜೀವಶಾಸ್ತ್ರ ವಿಭಾಗದಲ್ಲಿ ಡಾ. ಪಿ. ಉಮಾದೇವಿಯವರೂ ಅವರ ಸಂಗಡಿಗರೂ 1990ರ ದಶಕದಿಂದ ಈ ವಿಷಯದಲ್ಲಿ ಕೆಲಸಮಾಡಿದರು. ಅವರು ಆರಿಸಿಕೊಂಡ ವಸ್ತು ಪಂಡಿತರ ಅಂಗಡಿಯಲ್ಲಿ ಎಲ್ಲರೂ ಕಂಡಿರುವ ಅಶ್ವಗಂಧ, ಕನ್ನಡದ ಹಿರೇಮದ್ದು. ಅದರಿಂದ ಬೇರ್ಪಡಿಸಿದ ವಿದಫೆರಿನ್-ಎ ಎಂಬ ಸಾರವನ್ನು ಗಡ್ಡೆ ಬೆಳೆದಿದ್ದ ಇಲಿಗಳಿಗೆ ಕೊಟ್ಟು, ಗಡ್ಡೆಗೆ ಕಿರಣವನ್ನೂ 43 ಡಿಗ್ರಿಯ ಕಾವನ್ನೂ ಹಾಯಿಸಿ, ಒಂದೊಂದನ್ನೂ ಬಿಡಿಯಾಗಿಯೂ ಕೂಡಿಸಿಯೂ ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಅವರ ವರದಿಯಂತೆ, ಕಿರಣದೊಡನೆ ಈ ಸಾರವೂ ಕಾವೂ ಕೂಡಿದಾಗ ಗಡ್ಡೆಗಳ ಮೇಲೆ ಆದ ಪರಿಣಾಮವು ಕಿರಣವೊಂದರಿಂದಲೇ ಆದುದಕ್ಕಿಂತ ಹೆಚ್ಚಾಗಿತ್ತು. ಕಾವಿಗೆ ಪಳಗುವ ಕೋಶಗಳ ಹಟವನ್ನು ಕುರಿತೂ ಮಣಿಪಾಲದಲ್ಲಿ ಪರೀಕ್ಷೆ ನಡೆದು 2009ರಲ್ಲಿ ಅದರ ವರದಿ ಹೊರಬಂದಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಇಲಿಯ ಗಡ್ಡೆಯ ಮೇಲೆ ಆದುದೆಲ್ಲ ಮನುಷ್ಯನ ಮೇಲೆಯೂ ಹಾಗೆಯೇ ಆಗುವುದಿಲ್ಲ. ಅಳೆದು ಕೊಟ್ಟ ಶುದ್ಧ ಸಾರ ಬೇರೆ, ಹಾಲಿಗೆ ಬೆರೆಸಿ ಕುಡಿಯುವ ಪುಡಿ ಬೇರೆ. ಚಿಕಿತ್ಸೆಯಲ್ಲಿರುವ ರೋಗಿಗೆ ವೈದ್ಯರನ್ನು ಕೇಳದೆ ಹಿರೇಮದ್ದಿನ ಪುಡಿ ಕೊಡಲು ಈ ಪ್ರಯೋಗವನ್ನು ಯಾರೂ ಸಾಕ್ಷಿಯಾಗಿ ಹಿಡಿಯಬಾರದು.

ರೋಗಿಯ ಹಾಸಿಗೆಯ ಬಳಿ

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಹೆಸರಾದುದು ನೆದರ್ಲೆಂಡ್ಸಿನದು. 1990ರಿಂದ 1996ರವರೆಗೆ ಕಿಬ್ಬೊಟ್ಟೆಯ ಭಾಗದ ಕ್ಯಾನ್ಸರು ಬಲಿತಿದ್ದ 358 ರೋಗಿಗಳನ್ನು ಎರಡು ಪಾಲಾಗಿ ಮಾಡಿ, ಒಂದು ಪಾಲಿಗೆ ಕಿರಣವನ್ನೂ ಇನ್ನೊಂದು ಪಾಲಿಗೆ ಕಿರಣದೊಡನೆ ಕಾವನ್ನೂ ಕೊಟ್ಟರು. ಗರ್ಭಕೋಶದ ಕೊರಳಿನ ಕ್ಯಾನ್ಸರಿನವರಲ್ಲಿ ಅಂತರ ಎದ್ದುಕಂಡಿತು. ಮೂರು ವರ್ಷಗಳ ಮೇಲೆ ಬದುಕಿದ್ದವರು ಕಿರಣ ಮಾತ್ರ ಪಡೆದವರಲ್ಲಿ ನೂರಕ್ಕೆ 27. ಕಾವನ್ನೂ ಪಡೆದವರಲ್ಲಿ ನೂರಕ್ಕೆ 51. ಈ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಭಾರತದಲ್ಲಿ ಮುಂಬಯಿಯ ನಾನಾವತಿ ಆಸ್ಪತ್ರೆಯ ಡಾ. ನಾಗರಾಜ ಹುಯಿಲಗೋಳ ಮತ್ತು ಸಂಗಡಿಗರು ತಲೆ ಹಾಗೂ ಕತ್ತಿನ ಕ್ಯಾನ್ಸರು ಬಲಿತಿದ್ದ 56 ಮಂದಿಯಲ್ಲಿ ಇದೇ ಬಗೆಯ ಪರೀಕ್ಷೆ ನಡೆಸಿ 2010ರಲ್ಲಿ ವರದಿ ಮಾಡಿದರು. ಅಲ್ಲಿಯೂ ಗಡ್ಡೆ ಪೂರ್ತಿಯಾಗಿ ಕರಗಿದವರ ಸಂಖ್ಯೆ ಕಾವು ಪಡೆದವರಲ್ಲಿಯೇ ಹೆಚ್ಚು. ಹೊಗೆಸೊಪ್ಪಿನ ದೆಸೆಯಿಂದ ಬಾಯಿ ಗಂಟಲುಗಳ ಕ್ಯಾನ್ಸರು ಬಹಳವಾಗಿರುವ ದೇಶಕ್ಕೆ ಇದು ಸಣ್ಣ ಸುದ್ದಿಯಲ್ಲ.

ಆದರೆ ಸತ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಆಶ್ರಯದಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರಿನ 110 ರೋಗಿಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಾವಿನಿಂದ ಯಾವ ಲಾಭವೂ ಕಾಣಲಿಲ್ಲ. ಒಂದೇ ತತ್ತ್ವ, ಎರಡು ಫಲ! ಇದೇಕೆಂದು ವಾದವಿವಾದಗಳಿವೆ. ಮೈಯ ಆಳದಲ್ಲಿರುವ ಗಡ್ಡೆಯನ್ನು ಹದವಾಗಿ ಬಿಸಿಮಾಡುವುದು ಎಷ್ಟು ಕಷ್ಟವೆಂಬುದಂತೂ ಎಲ್ಲರೂ ಒಪ್ಪಿದ ಮಾತು. ರೇಡಿಯೋ ಅಲೆಗಳ ಜಾತಿಯ ಅಲೆಗಳನ್ನು ಹೊರಗಿನಿಂದ ಗಡ್ಡೆಯ ಮೇಲೆ ಹಾಯಿಸಬೇಕು. ಮೇಲಿನ ಚರ್ಮ ಸುಡದಂತೆ ನೀರಿನ ಚೀಲದಿಂದ ತಣಿಸಬೇಕು. ಒಳಗಿನ ಕಾವನ್ನು ಆಗಿಂದಾಗ್ಗೆ ಅಳೆಯುತ್ತಿರಬೇಕು. ಅತ್ತ ಹರಿಯುವ ರಕ್ತವು ಕಾವನ್ನು ಹೊತ್ತುಕೊಂಡು ಹೋಗುತ್ತಲೇ ಇರುತ್ತದೆ. ಲೆಕ್ಕವೂ ಬಿಗಿಯಾದುದು: 43 ಡಿಗ್ರಿಯಿಂದ ಮೇಲಕ್ಕೆ ಒಂದೊಂದು ಡಿಗ್ರಿ ಏರಿದರೂ ಅದೇ ಪರಿಣಾಮಕ್ಕೆ ಬೇಕಾಗುವ ಹೊತ್ತು ಅರ್ಧಕ್ಕಿಳಿಯುತ್ತದೆ, ಕೆಳಕ್ಕೆ ಒಂದೊಂದು ಡಿಗ್ರಿ ಇಳಿದರೆ ಬೇಕಾಗುವ ಹೊತ್ತು ಸುಮಾರು ನಾಲ್ಕು ಪಟ್ಟಾಗುತ್ತದೆ. ಒಂದು ಡಿಗ್ರಿ ತಪ್ಪಿದರೆ ಚಿಕಿತ್ಸೆಯೇ ತಪ್ಪಿದಂತೆ.

ಎಲ್ಲಕ್ಕಿಂತ ದೊಡ್ಡ ಸಂಗತಿಯೆಂದರೆ, ಕಾವಿಗೆ ಹಗೆ ಯಾರು, ನಂಟ ಯಾರು ಎಂಬ ವಿವೇಕವಿಲ್ಲ. ಒಳ್ಳೆಯ ಕೋಶದ ರಿಪೇರಿಯ ಕೈಯನ್ನೂ ಅದು ಹಾಗೆಯೇ ಸುಡಬಲ್ಲದು. ದಿನದಿನದ ಬಿಡುವಿನಲ್ಲಿ ಒಳ್ಳೆಯ ಕೋಶ ಎಳೆ ಕೂಡಿಸಿಕೊಳ್ಳಲೆಂದೇ ಕಿರಣವನ್ನು ಹಂಚಿ ಕೊಡುವುದು. ಅದೇ ಕೋಶಕ್ಕೆ ಕಾವು ತಾಗಿಸಿದರೆ ಆ ಉಪಕಾರವೇ ಕೆಟ್ಟೀತು. ಶತ್ರುವಿನ ಕೈಯನ್ನು ಮಾತ್ರ ಕಟ್ಟಿ ನಂಟನ ಕೈಯನ್ನು ಬಿಡುವ ವಿವೇಕವು ಯಂತ್ರದ್ದೂ ವೈದ್ಯನದೂ ಆಗಬೇಕು.

ಮನೆಯವರು ತಿಳಿದಿರಬೇಕಾದುದು

ಈಗ ಪೆರೇಸಂದ್ರದ ಆ ಮನೆಯ ಮಾತಿಗೆ ಮರಳಬಹುದು. ಕಾವು ಗಡ್ಡೆಗೆ ಹಗೆಯಾದರೆ ಬೇಸಗೆಯ ಬಿಸಿಲೇ ಮದ್ದಾಗಬಾರದೆ? ಬಿಸಿನೀರಿನ ಚೀಲವನ್ನು ಗಡ್ಡೆಯ ಮೇಲಿಟ್ಟರೆ ಸಾಲದೆ? ಇವೆರಡಕ್ಕೂ ಉತ್ತರ, ಸಾಲದು ಎಂದೇ. ಹೊರಗೆ ಎಷ್ಟೇ ಬಿಸಿಲಿರಲಿ, ಬೆವರಿಳಿಸಿಯೋ ರಕ್ತವನ್ನು ಚರ್ಮದ ಕಡೆ ಹರಿಸಿಯೋ ದೇಹವು ತನ್ನ ಒಳಗಾವನ್ನು 37ರ ಬಳಿಯಲ್ಲಿಯೇ ಕಾಯ್ದುಕೊಳ್ಳುತ್ತದೆ. ಬಿಸಿಲಲ್ಲಿ ಕೂತರೆ ಗಡ್ಡೆಯೂ ಬಿಸಿಯಾಗದು, ರಿಪೇರಿಯೂ ನಿಲ್ಲದು. ರೋಗಿ ಬಳಲುವುದು ಮಾತ್ರ ನಿಶ್ಚಯ. ಕಿರಣ ಹಾಯ್ದ ಜಾಗದ ಚರ್ಮ ಮೊದಲೇ ನೊಂದಿರುತ್ತದೆ. ಅದರ ಮೇಲೆ ಬಿಸಿನೀರಿನ ಚೀಲ, ಶಾಖ, ಬಿಸಿಲು ಯಾವುದೂ ಸಲ್ಲದು. ಮೈಯ ಒಳಗಾವನ್ನೇ 41, 42ಕ್ಕೆ ಏರಿಸುವ ಸಾಹಸವನ್ನು ಮನೆಯಲ್ಲಿ ಮಾಡಹೊರಟರೆ ರೋಗಕ್ಕಿಂತ ಮೊದಲು ರೋಗಿಯ ಪ್ರಾಣಕ್ಕೇ ಕುತ್ತು ಬಂದೀತು. ಚಿಕಿತ್ಸೆಯ ನಡುವೆ ಜ್ವರ ಬಂದರೆ, ಅದು ಗಡ್ಡೆಯನ್ನು ಕರಗಿಸುವ ಜ್ವರವೆಂದು ಸಂತೋಷಪಡದೆ, ಸೋಂಕಿನ ಸೂಚನೆಯೆಂದು ಬಗೆದು ಆ ದಿನವೇ ವೈದ್ಯರಿಗೆ ತಿಳಿಸಬೇಕು.

ಆದ್ದರಿಂದ ಹಿರಿಯರ ಬುದ್ಧಿಮಾತಿನಲ್ಲಿ ಕಾರಣ ತಪ್ಪಿದ್ದರೂ ನಡೆ ಸರಿಯಾಗಿದೆ. ಕರೆಂಟು ಉಷ್ಣವಲ್ಲ; ಆದರೂ ರೋಗಿಯನ್ನು ನೆರಳಿನಲ್ಲಿ ಕೂರಿಸುವುದೂ, ಮಜ್ಜಿಗೆ ಕುಡಿಸುವುದೂ ಒಳ್ಳೆಯದೇ. ಜೊತೆಗೆ ಆಸ್ಪತ್ರೆಯವರು ಗೊತ್ತುಮಾಡಿದ ದಿನಗಳನ್ನು ತಪ್ಪಿಸದಿರುವುದು ಅದಕ್ಕಿಂತಲೂ ಒಳ್ಳೆಯದು. ಒಂದು ದಿನ ಬಸ್ಸು ತಪ್ಪಿತೆಂದೋ, ಊರಿನಲ್ಲಿ ಹಬ್ಬವೆಂದೋ, ಹುಳು ಹಣ್ಣಾಗಿದೆ, ಚಂದ್ರಿಕೆಗೆ ಬಿಡಬೇಕೆಂದೋ ಸರದಿ ಬಿಟ್ಟರೆ, ಆ ಬಿಡುವಿನಲ್ಲಿ ಗಡ್ಡೆಯ ಕೋಶಗಳೂ ಎಳೆ ಕೂಡಿಸಿಕೊಂಡು ಮತ್ತೆ ಬೆಳೆಯತೊಡಗುತ್ತವೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಯಂಥ ಸಂಸ್ಥೆಗಳ ಬಾಗಿಲಲ್ಲಿ ದೂರದ ಊರುಗಳಿಂದ ಬಂದು ಕಾಯುವವರ ಸಾಲನ್ನು ಕಂಡವರಿಗೆ, ಒಂದೊಂದು ಸರದಿಗಾಗಿ ಬಡ ಸಂಸಾರಗಳು ತೆರುವ ಬೆಲೆ ಏನೆಂಬುದು ಗೊತ್ತು. ಆ ಬೆಲೆ ವ್ಯರ್ಥವಾಗಬಾರದು.

ಕಾವಿನ ಚಿಕಿತ್ಸೆ ಎಲ್ಲರಿಗೂ ಅಲ್ಲ, ಎಲ್ಲ ಗಡ್ಡೆಗೂ ಅಲ್ಲ. ಎಲ್ಲ ಆಸ್ಪತ್ರೆಗಳಲ್ಲಿಯೂ ಅದಕ್ಕೆ ಬೇಕಾದ ಯಂತ್ರಗಳಿಲ್ಲ. ಅದು ಕಿರಣದ ಜಾಗದಲ್ಲಿ ನಿಲ್ಲುವ ಮದ್ದೂ ಅಲ್ಲ, ಕಿರಣಕ್ಕೆ ಜೊತೆಯಾಗಿ ಬರುವ ನೆರವು. ಯಾರಿಗೆ, ಎಷ್ಟು, ಯಾವ ಹೊತ್ತಿನಲ್ಲಿ ಎಂಬುದನ್ನು ಬಲ್ಲವರು ಆ ವಿಷಯದ ತಜ್ಞ ವೈದ್ಯರೇ. ಮನೆಯವರು ಅವರನ್ನು ಧೈರ್ಯವಾಗಿ ಕೇಳಬಹುದು, ಕೇಳುವುದರಲ್ಲಿ ಸಂಕೋಚವೇಕೆ?

ಸಂಜೆಯ ಬಸ್ಸಿನಲ್ಲಿ ಪೆರೇಸಂದ್ರಕ್ಕೆ ಮರಳಿದ ತಾಯಿಯು ಮನೆಯ ಜಗುಲಿಯಲ್ಲಿ ಕುಳಿತಾಗ, ಒಳಗಡೆ ಸೊಸೆಯು ಕಿಟಕಿಯ ಗೋಣಿತಾಟಿಗೆ ಮತ್ತೊಮ್ಮೆ ನೀರು ಚಿಮುಕಿಸುತ್ತಿರುತ್ತಾಳೆ. ಹುಳುವಿನ ಮನೆಯಲ್ಲಿ ನಾಲ್ಕು ಡಿಗ್ರಿ ಏರಬಾರದು, ಗೂಡು ಹಾಳಾದೀತು. ದೂರದ ಚಿಕಿತ್ಸಾಲಯದಲ್ಲಿ ನಾಲ್ಕು ಡಿಗ್ರಿ ಏರಲೇಬೇಕು, ಗಡ್ಡೆ ಹಾಳಾಗಬೇಕು. ಎರಡೂ ಕಡೆ ಕಾವು ಒಂದೇ, ಅಳತೆ ಒಂದೇ. ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂಬ ತಿಳಿವನ್ನು ಆ ಸೊಸೆಯ ಕೈ ಬಲ್ಲಂತೆ ವೈದ್ಯರ ಕೈಯೂ ದಿನದಿನಕ್ಕೆ ಹೆಚ್ಚು ಹೆಚ್ಚಾಗಿ ಬಲ್ಲುದಾಗುತ್ತಿದೆ.